ಗಾಂಜಾ ಅಂಗಡಿಯ ಕೌಂಟರ್‌ನಲ್ಲಿ ನನ್ನ ಕೆಲಸ

ನಾನು ಕೆನಡಾದ ಒಂಟಾರಿಯೊದಲ್ಲಿ ಗಾಂಜಾ ಮಾರುತ್ತೇನೆ. ಕಾನೂನು ಪ್ರಕಾರ, ರಸೀದಿ ಕೊಟ್ಟು, ತೆರಿಗೆ ಹಾಕಿ. ಊರಲ್ಲಿ ಇದನ್ನು ಹೇಳಿದರೆ ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ ಅಮ್ಮನ ಮುಖ ನೋಡುತ್ತಾರೆ. ಅಮ್ಮ ಮಾತ್ರ "ಮೆಡಿಕಲ್ ಸ್ಟೋರ್ ಥರದ್ದು" ಅಂದು ಮಾತು ಮುಗಿಸುತ್ತಾಳೆ. ಪಾಪ, ಅವಳ ಕಷ್ಟ ಅವಳಿಗೆ. ಆದರೆ ನಮ್ಮದು ಮೆಡಿಕಲ್ ಸ್ಟೋರ್ ಅಲ್ಲ. ಅದನ್ನು ದಿನವಿಡೀ ನೆನಪಿಟ್ಟುಕೊಂಡು ಮಾತಾಡುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು.

ಕೆನಡಾದಲ್ಲಿ ಗಾಂಜಾ ಕಾನೂನುಬದ್ಧವಾದದ್ದು 2018ರ ಅಕ್ಟೋಬರ್ 17ರಂದು. ಒಂಟಾರಿಯೊದಲ್ಲಿ ಖಾಸಗಿ ಅಂಗಡಿಗಳು 2019ರ ಏಪ್ರಿಲ್‌ನಲ್ಲಿ ಬಾಗಿಲು ತೆರೆದವು. ನಾನಿರುವ ಮಿಸ್ಸಿಸಾಗಾ ನಗರ ಮಾತ್ರ 2023ರವರೆಗೂ ನಮಗೆ ಬೇಡ ಅಂತಲೇ ಇತ್ತು. ಒಪ್ಪಿದ ಮೇಲೆ ಅಂಗಡಿಗಳ ಮೇಲೆ ಅಂಗಡಿ ಬಂದವು, ಕೆಲಸಕ್ಕೆ ಜನ ಬೇಕಾಯಿತು. ನಾನು ಆಗ ಒಂದು ಕಾಫಿ ಅಂಗಡಿಯಲ್ಲಿ ಬೆಳಗಿನ ಜಾವದ ಶಿಫ್ಟ್ ಮಾಡುತ್ತಿದ್ದೆ. ಅರ್ಜಿ ಹಾಕಿದೆ. 19 ವರ್ಷ ತುಂಬಿರಬೇಕು, ಕ್ಯಾನ್‌ಸೆಲ್ ಅನ್ನುವ ಆನ್‌ಲೈನ್ ತರಬೇತಿ ಪಾಸಾಗಿರಬೇಕು. ಅದರಲ್ಲಿ ಕಾನೂನು, ಗಿಡದ ಬಗ್ಗೆ ಒಂದಿಷ್ಟು, ಯಾರಿಗೆ ಮಾರಬಾರದು, ಇವೆಲ್ಲ ಹೇಳಿಕೊಡುತ್ತಾರೆ. ಕುಳಿತು ಓದಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ. ನಿಜವಾದ ಪಾಠ ಶುರುವಾಗುವುದು ಆಮೇಲೆ.

ಕೌಂಟರ್‌ಗೆ ಬಂದವರಲ್ಲಿ ಬಹಳ ಜನ ಕೇಳುವುದು ಒಂದೇ: "ಯಾವುದರಲ್ಲಿ ಟಿಎಚ್‌ಸಿ ಜಾಸ್ತಿ?" ಟಿಎಚ್‌ಸಿ ಅಂದರೆ ಅಮಲು ತರುವ ಅಂಶ. ಪ್ಯಾಕೆಟ್ ಮೇಲೆ ಟೋಟಲ್ ಟಿಎಚ್‌ಸಿ ಒಂದು ಗ್ರಾಂಗೆ 240 ಮಿಲಿಗ್ರಾಂ ಅಂತಿದ್ದರೆ 24% ಅಂತ ಅರ್ಥ. ಹಳೆಯ ಪ್ಯಾಕೆಟ್‌ಗಳಲ್ಲಿ ಎರಡು ಅಂಕಿ ಇರುತ್ತವೆ. ಚಿಕ್ಕದು ಈಗಿರುವ ಪ್ರಮಾಣ, ದೊಡ್ಡದು ಬಿಸಿ ತಗುಲಿದ ಮೇಲೆ ಸಿಗುವುದು. ಜನ ಚಿಕ್ಕದನ್ನು ನೋಡಿ "ಇಷ್ಟೇನಾ?" ಅಂತಾರೆ. ದೊಡ್ಡದನ್ನು ತೋರಿಸಿದರೆ ಮುಖ ಅರಳುತ್ತದೆ.

ನಾನು ಆಗ ಪ್ಯಾಕೆಟ್ ತಿರುಗಿಸಿ ಪ್ಯಾಕ್ ಮಾಡಿದ ದಿನಾಂಕ ತೋರಿಸುತ್ತೇನೆ. ಎಂಟು ತಿಂಗಳು ಡಬ್ಬಿಯಲ್ಲಿ ಕೂತ 28 ಪರ್ಸೆಂಟಿನ ಒಣ ಗಾಂಜಾ ಹೂವಿಗಿಂತ ಹೋದ ತಿಂಗಳು ಪ್ಯಾಕ್ ಆದ 21 ಪರ್ಸೆಂಟಿನದು ಎಷ್ಟೋ ಮೇಲು, ಇದು ನನ್ನ ಅಭಿಪ್ರಾಯ. ಹಳೆಯದು ಒಣಗಿ, ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತದೆ. ಪರಿಮಳ ಹೋಗಿರುತ್ತದೆ. ಪರಿಮಳಕ್ಕೆ ಕಾರಣ ಟರ್ಪೀನ್‌ಗಳು. ಲಿಮೊನೀನ್ ಇದ್ದರೆ ನಿಂಬೆ ಸಿಪ್ಪೆಯ ವಾಸನೆ, ಪೈನೀನ್ ಇದ್ದರೆ ದೇವದಾರು ಜಾತಿಯ ಮರದ್ದು. ಕ್ಯಾರಿಯೊಫಿಲೀನ್ ನಮ್ಮ ಕರಿಮೆಣಸಿನಲ್ಲಿ ಇರುವುದೇ. ಮೂಸಿ ನೋಡಲು ಸಣ್ಣ ಜಾರ್‌ಗಳಿರುತ್ತವೆ. ಸಾಂಬಾರ ಪದಾರ್ಥ ಮೂಸಿ ಬೆಳೆದ ಮೂಗಿಗೆ ಇದು ಬೇಗ ಒಲಿಯುತ್ತದೆ, ಇಲ್ಲಿ ನಮ್ಮವರಿಗೆ ಸ್ವಲ್ಪ ಅನುಕೂಲ.

ಗಾಂಜಾದಲ್ಲಿ ಎರಡು ಜಾತಿ, ಇಂಡಿಕಾ ಅಂದರೆ ನಿದ್ದೆ, ಸಟೈವಾ ಅಂದರೆ ಉತ್ಸಾಹ ಅಂತ ಎಲ್ಲರೂ ನಂಬಿಕೊಂಡು ಬರುತ್ತಾರೆ. ಇಷ್ಟೊಂದು ತಳಿಗಳನ್ನು ಬೆರೆಸಿದ ಮೇಲೆ ಆ ಹೆಸರಿನಿಂದ ಒಳಗೇನಿದೆ ಅಂತ ಹೇಳಲು ಆಗುವುದಿಲ್ಲ. ಹಾಗಂತ ಗ್ರಾಹಕರ ಜೊತೆ ವಾದಕ್ಕೆ ಇಳಿಯಲ್ಲ. "ಹಿಂದೆ ಯಾವುದು ತಗೊಂಡಿದ್ರಿ? ಹೇಗಿತ್ತು?" ಅಂತ ಕೇಳುತ್ತೇನೆ. ಆ ಉತ್ತರದಲ್ಲಿ ಸಿಗುವಷ್ಟು ಮಾಹಿತಿ ಲೇಬಲ್‌ನಲ್ಲಿ ಇರುವುದಿಲ್ಲ.

ಜಾಸ್ತಿ ಹೊತ್ತು ತಗೊಳ್ಳುವುದು ತಿನ್ನುವ ಪದಾರ್ಥಗಳಿಗೆ. ಗಮ್ಮಿ ಅನ್ನುವ ಮೆತ್ತನೆಯ ಮಿಠಾಯಿ, ಚಾಕೊಲೇಟ್. ಒಂದು ಪ್ಯಾಕೆಟ್‌ನಲ್ಲಿ 10 ಮಿಲಿಗ್ರಾಂಗಿಂತ ಜಾಸ್ತಿ ಟಿಎಚ್‌ಸಿ ಇರುವಂತಿಲ್ಲ ಅಂತ ಇಲ್ಲಿನ ಕಾನೂನು. ಮೊದಲ ಸಲ ತಿನ್ನುವವರಿಗೆ ಎರಡೂವರೆ ಮಿಲಿಗ್ರಾಂ ಸಾಕು. ಅಂದರೆ 10ರ ಒಂದು ಗಮ್ಮಿಯಲ್ಲಿ ಕಾಲು ಭಾಗ. ಕನ್ನಡದ ಹುಡುಗ ಒಬ್ಬ, ಓದಲು ಬಂದವನು, ಎರಡು ಪ್ಯಾಕೆಟ್ ಹಿಡಿದು ನಿಂತಿದ್ದ.

"ಅಕ್ಕಾ, ಕಾಲು ಭಾಗದಲ್ಲಿ ಏನಾಗುತ್ತೆ? ಸುಮ್ನೆ ದುಡ್ಡು ದಂಡ."

"ತಿಂದ ತಕ್ಷಣ ಏನೂ ಆಗಲ್ಲ ಕಣೋ. ಅರ್ಧ ಗಂಟೆ ಆಗಬಹುದು, ಎರಡು ಗಂಟೆನೂ ಆಗಬಹುದು. ಏನೂ ಆಗ್ಲಿಲ್ಲ ಅಂತ ಇನ್ನೊಂದು ತಿಂತೀಯ ನೋಡು, ಅಲ್ಲೇ ತೊಂದರೆ."

ಸೇದಿದ್ದು ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ತಿಂದದ್ದು ಹೊಟ್ಟೆಗೆ ಹೋಗಿ, ಲಿವರ್ ದಾಟಿ, ಅಲ್ಲಿ ಇನ್ನಷ್ಟು ಜೋರಾದ ಇನ್ನೊಂದು ರೂಪಕ್ಕೆ ತಿರುಗಿ ಮಿದುಳಿಗೆ ಹೋಗುತ್ತದೆ. ಪೂರ್ತಿ ಪರಿಣಾಮಕ್ಕೆ ನಾಲ್ಕು ಗಂಟೆ ಹಿಡಿಯಬಹುದು, ಹನ್ನೆರಡು ಗಂಟೆಯವರೆಗೂ ಇರಬಹುದು. ಇದನ್ನೆಲ್ಲ ಹೇಳಿ, ಮಾರನೇ ದಿನ ಕಾರು ಓಡಿಸುವುದಿದೆಯಾ ಅಂತಲೂ ಕೇಳಿದೆ. ಅವನ ಹತ್ತಿರ ಇದ್ದದ್ದು ಜಿ2, ಅಂದರೆ ಹೊಸಬರ ಲೈಸೆನ್ಸ್. ಹೊಸ ಡ್ರೈವರ್‌ಗಳ ಮೈಯಲ್ಲಿ ಗಾಂಜಾ ಇದೆ ಅಂತ ತಪಾಸಣೆಯಲ್ಲಿ ಕಂಡರೆ ಒಂಟಾರಿಯೊದಲ್ಲಿ ಲೈಸೆನ್ಸ್ ಅಮಾನತು ಗ್ಯಾರಂಟಿ. ಒಂದು ಪ್ಯಾಕೆಟ್ ವಾಪಸ್ ಇಟ್ಟ. ಅಂಗಡಿಗೆ ಒಂದು ಮಾರಾಟ ಕಡಿಮೆ, ಅಷ್ಟೇ ತಾನೆ.

ಇನ್ನು ಔಷಧಿಯ ವಿಷಯ. ಮಗನ ಮನೆಗೆ ಬಂದಿದ್ದ ಶಿವಮೊಗ್ಗ ಕಡೆಯ ಹಿರಿಯರೊಬ್ಬರು ನನ್ನ ಹೆಸರಿನ ಬ್ಯಾಡ್ಜ್ ನೋಡಿ ಕನ್ನಡದಲ್ಲೇ ಶುರು ಮಾಡಿದರು.

"ನೋಡಮ್ಮಾ, ಮಂಡಿ ನೋವಿಗೆ ಇಲ್ಲಿ ಯಾವುದೋ ಎಣ್ಣೆ ಸಿಗುತ್ತಂತೆ."

"ನೋವಿಗೆ ಇದು ಒಳ್ಳೇದು ಅಂತ ನಾನು ಹೇಳೋ ಹಾಗಿಲ್ಲ ಅಂಕಲ್. ದಿನಾ ಏನಾದ್ರೂ ಮಾತ್ರೆ ತಗೋತೀರಾ?"

"ಬಿಪಿದು ಒಂದು, ರಕ್ತ ತೆಳ್ಳಗಾಗೋಕೆ ಒಂದು."

"ಹಾಗಾದ್ರೆ ಮೊದಲು ಫಾರ್ಮಸಿಯಲ್ಲಿ ಕೇಳ್ಕೊಂಡು ಬನ್ನಿ. ಆ ಮಾತ್ರೆ ಚೀಟಿನೂ ತಗೊಂಡು ಹೋಗಿ."

"ಅಂಗಡಿ ಇಟ್ಕೊಂಡು ಮಾರಲ್ಲ ಅಂತೀಯಲ್ಲಮ್ಮಾ!"

ಬೇಜಾರಾಯಿತು ಅವರಿಗೆ. ಆದರೆ ಗಾಂಜಾದ ಇನ್ನೊಂದು ಅಂಶವಾದ ಸಿಬಿಡಿಯ ಎಣ್ಣೆ, ರಕ್ತ ತೆಳ್ಳಗಾಗಿಸುವ ವಾರ್ಫರಿನ್‌ನಂಥ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು. ಸಿಬಿಡಿಯಿಂದ ಅಮಲು ಬರುವುದಿಲ್ಲ, ಅದಕ್ಕೇ ಜನ ಅದನ್ನು ಮನೆಮದ್ದು ಅಂದುಕೊಂಡುಬಿಡುತ್ತಾರೆ. ಔಷಧಿಯಾಗಿ ಬೇಕಾದವರು ಡಾಕ್ಟರ ಪತ್ರ ತಗೊಂಡು, ಲೈಸೆನ್ಸ್ ಇರುವ ಕಂಪನಿಯಿಂದ ನೇರವಾಗಿ ತರಿಸಿಕೊಳ್ಳುವ ಬೇರೆ ವ್ಯವಸ್ಥೆ ಇದೆ. ಕೌಂಟರ್ ಹಿಂದೆ ನಿಂತ ನಾನು ಡಾಕ್ಟರೂ ಅಲ್ಲ, ಫಾರ್ಮಸಿಸ್ಟೂ ಅಲ್ಲ. "ನನ್ನ ಫ್ರೆಂಡ್‌ಗೆ ವಾಸಿಯಾಯ್ತು" ಅನ್ನುವ ಮಾತು ನಾಲಿಗೆ ತುದಿಗೆ ಬಂದರೂ ನುಂಗಬೇಕು.

ಗುರುತಿನ ಚೀಟಿ ನೋಡುವುದೂ ಒಂದು ಕೆಲಸವಾ ಅನ್ನಿಸಬಹುದು. 25ಕ್ಕಿಂತ ಕಡಿಮೆ ಕಾಣುವ ಪ್ರತಿಯೊಬ್ಬರನ್ನೂ ಕೇಳಲೇಬೇಕು. ನಮ್ಮ ವಿದ್ಯಾರ್ಥಿಗಳು ಪಾಸ್‌ಪೋರ್ಟನ್ನು ಮನೆಯಲ್ಲಿಟ್ಟು ಫೋನ್‌ನಲ್ಲಿ ಫೋಟೋ ತೋರಿಸುತ್ತಾರೆ, ಅದು ನಡೆಯಲ್ಲ. ಒಂಟಾರಿಯೊದ ಹೆಲ್ತ್ ಕಾರ್ಡೂ ನಡೆಯಲ್ಲ. ಎಜಿಸಿಒ ಅನ್ನುವ ನಿಯಂತ್ರಣ ಸಂಸ್ಥೆಯ ಇನ್‌ಸ್ಪೆಕ್ಟರ್‌ಗಳು ಯಾವಾಗ ಬೇಕಾದರೂ ಬರುತ್ತಾರೆ. ಆಗಲೇ ಅಮಲಿನಲ್ಲಿರುವವರಿಗೂ ಮಾರುವ ಹಾಗಿಲ್ಲ. ಅಂಥವರ ಮುಂದೆ ದನಿ ಏರಿಸಬಾರದು. "ಇವತ್ತು ಬೇಡ ಸರ್, ನಾಳೆ ಬನ್ನಿ, ನಾನೇ ಇರ್ತೀನಿ" ಅಂದರೆ ಬಹಳಷ್ಟು ಜನ ಹೊರಡುತ್ತಾರೆ. ಹೊರಡದಿದ್ದರೆ ಮ್ಯಾನೇಜರ್.

ಊರಿಗೆ ಹೊರಟವರು ಕೇಳುವ ಪ್ರಶ್ನೆಗೆ ನನ್ನ ಉತ್ತರ ಸಿದ್ಧವಿರುತ್ತದೆ: ಗಮ್ಮಿ ಇರಲಿ, ಸಿಬಿಡಿ ಎಣ್ಣೆ ಇರಲಿ, ಕೆನಡಾ ಬಿಟ್ಟು ಹೋಗುವಾಗ ಬ್ಯಾಗಿನಲ್ಲಿ ಇರಬಾರದು. ಅಮೆರಿಕಕ್ಕೂ ಒಯ್ಯುವಂತಿಲ್ಲ. ಬೆಂಗಳೂರಲ್ಲಿ ಇಳಿದರೆ ಅಲ್ಲಿ 1985ರ ಎನ್‌ಡಿಪಿಎಸ್ ಅನ್ನುವ ಮಾದಕವಸ್ತು ಕಾಯ್ದೆ ಕಾಯುತ್ತಿರುತ್ತದೆ.

ಹಿಂದಿನ ಕೋಣೆಯ ಕೆಲಸ ಯಾರಿಗೂ ಕಾಣುವುದಿಲ್ಲ. ಎಲ್ಲ ಮಾಲೂ ಒಸಿಎಸ್ ಅನ್ನುವ ಸರ್ಕಾರಿ ಸಗಟು ಸಂಸ್ಥೆಯಿಂದಲೇ ಬರಬೇಕು. ಪೆಟ್ಟಿಗೆ ಒಡೆದು ಎಣಿಸಬೇಕು, ಲಾಟ್ ನಂಬರ್ ತಾಳೆ ನೋಡಬೇಕು, ಒಂಟಾರಿಯೊದ ತೆರಿಗೆ ಮುದ್ರೆ ಇದೆಯಾ ನೋಡಬೇಕು, ಹಳೆಯದನ್ನು ಮುಂದೆ ಜೋಡಿಸಬೇಕು. ಒಂದು ಪ್ಯಾಕೆಟ್ ಲೆಕ್ಕಕ್ಕೆ ಸಿಗದಿದ್ದರೂ ಅಂಗಡಿ ಮುಚ್ಚಿದ ಮೇಲೆ ಹುಡುಕುತ್ತಾ ಕೂರಬೇಕು. ಸಂಬಳ ಕನಿಷ್ಠ ಕೂಲಿಗಿಂತ ಚೂರು ಮೇಲೆ, ಜೊತೆಗೆ ಟಿಪ್ಸ್. ಇಷ್ಟು ಕಾನೂನು ತಲೆಯಲ್ಲಿಟ್ಟುಕೊಳ್ಳುವವರಿಗೆ ಅದು ಕಡಿಮೆ ಅಂತಲೇ ನನ್ನ ತಕರಾರು. ಮ್ಯಾನೇಜರ್ ಆದರೆ ಪರವಾಗಿಲ್ಲ, ಅದಕ್ಕೆ ಎಜಿಸಿಒದಿಂದ ಬೇರೆ ಲೈಸೆನ್ಸ್ ಬೇಕು. ನಾನು ಅದನ್ನು ಮಾಡಿಸಿಕೊಂಡೆ.

ಈಗ ಹೊಸಬರ ಸಂದರ್ಶನಕ್ಕೆ ನಾನೂ ಕೂರುತ್ತೇನೆ. ತಳಿಗಳ ಹೆಸರು ಕೇಳುವುದಿಲ್ಲ, ಅವು ಪ್ರತಿ ವಾರ ಬದಲಾಗುತ್ತವೆ. ನಾನೇ ಗ್ರಾಹಕಳಾಗಿ "ರಾತ್ರಿ ನಿದ್ದೆ ಬರಲ್ಲ, ಏನಾದ್ರೂ ಕೊಡಿ" ಅನ್ನುತ್ತೇನೆ. ಹೆಚ್ಚಿನವರು ತಟ್ಟನೆ ಒಂದು ಗಮ್ಮಿಯ ಹೆಸರು ಹೇಳುತ್ತಾರೆ. ನಿದ್ದೆಗೆ ಅಂತ ಏನನ್ನೂ ಹೇಳುವಂತಿಲ್ಲ ಅಂತ ಮೊದಲು ತಿಳಿಸಿ, ಮೊದಲು ಯಾವತ್ತಾದರೂ ತಗೊಂಡಿದ್ದೀರಾ, ಬೇರೆ ಮಾತ್ರೆ ಇದೆಯಾ, ನಾಳೆ ಬೆಳಿಗ್ಗೆ ಗಾಡಿ ಓಡಿಸಬೇಕಾ ಅಂತ ಯಾರಾದರೂ ಕೇಳಿದರೆ, ಶನಿವಾರದ ಶಿಫ್ಟ್‌ಗೆ ಬರಲು ಆಗುತ್ತಾ ಅಂತ ಅಲ್ಲೇ ಕೇಳಿಬಿಡುತ್ತೇನೆ.