ಮರಗಸಿಗೆ ಹಡಗಿನ ಚಾಕು: ನನ್ನ ಅನುಭವ

ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಸುವ ಕೆಲಸ, ಮಾಡಿಸುವವರಿಗೆ ಕೊಂಬೆ ಕಟ್ಟುವ ಹಗ್ಗದ ಖರ್ಚು ನಾನು ಹೇಳಬೇಕಾಗಿಲ್ಲ. ಹಗ್ಗ ಹರಿಯುವುದು ಹೆಚ್ಚಾಗಿ ಗಂಟಿನ ಬುಡದಲ್ಲೇ. ಗಂಟು ಬಿತ್ತೆಂದರೆ ಅರ್ಧದವರೆಗೂ ಬಲ ಹೋಯಿತು. ಎಳೆ ಬಿಡಿಸಿ ಹಗ್ಗದೊಳಗೇ ಹೆಣೆದ ಕುಣಿಕೆಯಲ್ಲಿ 100ಕ್ಕೆ 90ರ ಹತ್ತಿರ ಉಳಿಯುತ್ತದೆ. ಹಾಗೆ ಹೆಣೆಯಲಿಕ್ಕೆ ಹಡಗಿನವರ ಚಾಕು ಒಳ್ಳೆಯದು ಅಂತ ಸಕಲೇಶಪುರದ ಕಡೆ ಹೇಳಿದಾಗ ನಕ್ಕವರೇ ಜಾಸ್ತಿ. ತೋಟದ ಲೆಕ್ಕ ಬರೆಯುವ ನಮ್ಮ ರೈಟರು, "ಏನ್ ಗೌಡ್ರೇ, ತೋಟಕ್ಕೆ ಸಮುದ್ರ ತರಿಸ್ತೀರಾ?" ಅಂದಿದ್ದರು. ಈಗ ಚಾಕು ಅವರ ಸೊಂಟದಲ್ಲೇ ಇರುತ್ತದೆ, ಕೇಳಿದರೂ ಕೊಡುವುದಿಲ್ಲ.

ಸಿಕ್ಕಿದ್ದು ಮಂಗಳೂರು ಧಕ್ಕೆಯ ಹತ್ತಿರ, ಬೋಟಿನ ಸಾಮಾನು ಮಾರುವ ಅಂಗಡಿಯಲ್ಲಿ. 1,200 ಇರಬೇಕು, ಚೌಕಾಸಿ ಮಾಡಿದ ಮೇಲೆ. ಒಂದು ಕಡೆ ಅಲಗು, ಇನ್ನೊಂದು ಕಡೆ ಮಡಿಚಿಡುವ ಉಕ್ಕಿನ ಮೊಳೆ, ಮಾರ್ಲಿನ್‌ಸ್ಪೈಕ್. ನನಗೆ ದುಡಿದು ಕೊಟ್ಟಿದ್ದು ಈ ಮೊಳೆ.

ಅದಕ್ಕೂ ಮುಂಚೆ ಗೋಣಿ ಹೊಲಿಯುವ ದಬ್ಬಣದಲ್ಲಿ ನೋಡಿದ್ದೆ. ಚೂಪು ಎಳೆಯನ್ನೇ ತೂರಿ ಸೀಳುತ್ತದೆ. ಸ್ಕ್ರೂ ಡ್ರೈವರಿನ ಅಂಚು ನಾರು ಕೀಳುತ್ತದೆ. ಕುಲುಮೆಯಲ್ಲಿ 150 ಕೊಟ್ಟು ಬಡಿಸಿದ್ದು ತರಿತರಿ, ಹಗ್ಗದೊಳಗೆ ಕಚ್ಚಿಕೊಂಡು ಹೊರಗೇ ಬರಲಿಲ್ಲ. ಹಡಗಿನ ಮೊಳೆ ಗಾಜಿನ ಹಾಗೆ ನುಣುಪು, ತುದಿ ಮೊಂಡ. ಎರಡು ಎಳೆಯ ಮಧ್ಯೆ ತೂರಿಸಿ ಕಾಲು ಸುತ್ತು ತಿರುಗಿಸಿದರೆ ಬಾಯಿ ತೆರೆಯುತ್ತದೆ. ಅದು ಮುಚ್ಚುವ ಮೊದಲು ಬಿಡಿ ಎಳೆಯನ್ನು ನುಗ್ಗಿಸಬೇಕು, ಒಂದರ ಮೇಲೆ, ಒಂದರ ಕೆಳಗೆ, ಹುರಿಗೆ ಎದುರಾಗಿ. ನಾರಿನ ಹಗ್ಗಕ್ಕೆ ಹೀಗೆ ಮೂರು ಸುತ್ತು ನುಗ್ಗಿಸಿದರೆ ಸಾಕು. ನೈಲಾನ್ ಜಾರುತ್ತದೆ, ಐದಾದರೂ ಬೇಕು. ಮೂರಕ್ಕೇ ನಿಲ್ಲಿಸಿ ನೋಡಿದ ಒಂದು ಕುಣಿಕೆ ಜಾರಿ, ಸಿಲ್ವರ್ ಓಕ್ ಮರದ ಕೊಂಬೆ ನಾಲ್ಕೈದು ಅರೇಬಿಕಾ ಗಿಡ ಮುರಿಯಿತು. ನಾನೀಗ ಏಳು ಹಾಕುತ್ತೇನೆ. ಕೊನೆಯ ಎರಡನ್ನು ಸಣ್ಣ ಮಾಡುವುದಕ್ಕೆ ನನ್ನದೇ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನಮ್ಮ ತೋಟದಲ್ಲೇ ಇರಲಿ. ಮಳೆಗೆ ನೆನೆದು ಬಿಗಿದ ಗಂಟನ್ನೂ ಇದೇ ಮೊಳೆ ಬಿಚ್ಚುತ್ತದೆ. ಮೊದಲು ಕತ್ತಿಯಲ್ಲಿ ಕಡಿದು ಎಸೆಯುತ್ತಿದ್ದೆವು.

ಅಲಗಿಗೆ ಚೂಪು ತುದಿ ಇಲ್ಲ, ಬಾಯಿ ನೆಟ್ಟಗೆ. ಜಗಳಕ್ಕೆ ಹೆದರಿ ಕ್ಯಾಪ್ಟನ್‌ಗಳು ನಾವಿಕರ ಚಾಕುವಿನ ತುದಿ ಮುರಿಸುತ್ತಿದ್ದರು ಅಂತ ಒಂದು ಕತೆ ಇದೆ. ನನಗೆ ನಂಬಿಕೆ ಇಲ್ಲ. ಓಲಾಡುವ ಹಡಗಿನಲ್ಲಿ ಕೈ ಜಾರಿದರೆ ಚೂಪು ತುದಿ ಎಲ್ಲಿಗೆ ಹೋಗುತ್ತದೆ ಹೇಳಿ? ಒಂಟಿ ಬಿದಿರಿನ ಏಣಿ ತುದಿಯಲ್ಲೂ ಅದೇ ಕತೆ. ನೇರ ಬಾಯಿ ಹಗ್ಗದ ಮೇಲೆ ಪೂರ್ತಿ ಕೂರುತ್ತದೆ. ಮರದ ತುಂಡಿನ ಮೇಲಿಟ್ಟು ಬೆನ್ನಿಗೆ ಕೊಡತಿಯಲ್ಲಿ ಒಂದೇಟು ಹಾಕಿದರೆ ಕಡಿತ ಓರಣವಾಗಿರುತ್ತದೆ.

ಹಿಡಿಯ ಬಳೆ ದಾರ ಕಟ್ಟುವುದಕ್ಕೆ. ಹಾಯಿಕಂಬದಿಂದ ಚಾಕು ಬಿದ್ದರೆ ಕೆಳಗಿದ್ದವನ ತಲೆಗೆ, ಇಲ್ಲಾ ಸಮುದ್ರಕ್ಕೆ. ನಮ್ಮಲ್ಲಿ ಕಾಫಿ ಗಿಡದೊಳಗೆ ಬಿದ್ದ ಚಾಕು ಹುಡುಕಿಕೊಟ್ಟವರನ್ನು ನಾನು ನೋಡಿಲ್ಲ. ದಾರ ಸೊಂಟಕ್ಕೆ ಕಟ್ಟಿ, ಕುತ್ತಿಗೆಗೆ ಬೇಡ. ನಡುವೆ ಇರುವ ಸೀಳು ಶ್ಯಾಕಲ್ಲಿನ, ಅಂದರೆ ರಾಟೆ ಸಿಕ್ಕಿಸುವ U ಆಕಾರದ ಕೊಂಡಿಯ, ಪಿನ್ನು ತಿರುಗಿಸಲಿಕ್ಕೆ. ರಾಟೆ ಬಿಚ್ಚುವಾಗ ಇಕ್ಕಳ ಹುಡುಕುವ ಕೆಲಸ ತಪ್ಪಿದೆ.

ಮೊದಲು ವರ್ಷಕ್ಕೆ ನಾಲ್ಕೋ ಐದೋ ಸುರುಳಿ ಹಗ್ಗ ಬೇಕಿತ್ತು, ಒಂದಕ್ಕೆ 2,500ರ ಹತ್ತಿರ. ಈಗ ಎರಡರಲ್ಲಿ ಮುಗಿಯುತ್ತದೆ.

20 ಮಿಲಿಮೀಟರ್ ಹಗ್ಗಕ್ಕೆ ಮಾತ್ರ ಈ ಮೊಳೆ ಸಣ್ಣದಾಯಿತು. ಮರದ ಮೊಳೆ ಕೆತ್ತಿಸಿದೆ. ಸಿಲ್ವರಿನದು ಮುರಿಯಿತು, ಬಗನಿ (ಬೈನೆ) ಮರದ್ದು ನಿಂತಿದೆ. ಗಾಜಿನ ಚೂರಲ್ಲಿ ಕೆರೆದು ಕೊಬ್ಬರಿ ಎಣ್ಣೆ ಹಚ್ಚಿ. ಬಗನಿ ಚೆನ್ನಾಗಿ ಬಲಿತಿರಬೇಕು, ಎಳೆಯದಾದರೆ ಸಿಬಿರು ಏಳುತ್ತದೆ.