ಹಳೇ ಲ್ಯಾಪ್‌ಟಾಪ್ ಡಿಸ್ಕ್ ಬಿಸಾಡಬೇಡಿ, ಹೀಗೆ ಬಳಸಿ

ಲ್ಯಾಪ್‌ಟಾಪ್ ಕೆಟ್ಟರೂ ಅದರ ಡಿಸ್ಕ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. 2.5 ಇಂಚಿನ ಸಾಟಾ (ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಬಗೆ) ಡಿಸ್ಕ್ ಆದರೆ ಒಂದು ಯುಎಸ್‌ಬಿ 3.0 ಕೇಸ್ (ಡಿಸ್ಕ್ ಕೂರಿಸುವ ಹೊರ ಡಬ್ಬಿ) ತಂದು, ಒಳಗಿನ ಕನೆಕ್ಟರ್‌ಗೆ ಮೆಲ್ಲಗೆ ಒತ್ತಿ ಕೂರಿಸಿ, ಸುಮ್ನೆ ಕೇಬಲ್ ಚುಚ್ಚಿದರೆ ಸಾಕು, ಯುಎಸ್‌ಬಿಯ 5 ವೋಲ್ಟ್‌ನಲ್ಲೇ ಓಡುತ್ತದೆ. ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ 12 ವೋಲ್ಟ್ ಕೂಡ ಬೇಕು, ಅಡಾಪ್ಟರ್ ಇರುವ ಕೇಸನ್ನೇ ತನ್ನಿ. ಎಂ.2 (ತೆಳು ಪಟ್ಟಿಯಂಥ ಸಣ್ಣ ಡಿಸ್ಕ್) ಆದರೆ ಸಾಟಾನೋ, ಅದಕ್ಕಿಂತ ವೇಗದ ಎನ್‌ವಿಎಂಇನೋ ನೋಡಿ, ಅದಕ್ಕೆ ಹೊಂದುವ ಕೇಸನ್ನೇ ಕೊಳ್ಳಿ.

ಕಾಪಿ ಆಮೆ ನಡಿಗೆಯಲ್ಲಿ ಸಾಗುತ್ತಿದೆಯಾ? ಬಹುಶಃ ಯುಎಸ್‌ಬಿ 2.0 ಪೋರ್ಟ್‌ಗೆ ಹಾಕಿದ್ದೀರಿ. ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್, 3.0ದ್ದು 5 ಗಿಗಾಬಿಟ್. ನೀಲಿ ಪೋರ್ಟ್ ಹುಡುಕಿ (ಎಲ್ಲರೂ ನೀಲಿ ಹಾಕುವುದಿಲ್ಲ, ಅದೊಂದು ತಲೆನೋವು).

ಹಳೇ ಫೋಟೊ ಒಳಗಿದ್ದು, ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ' (ಅಂದರೆ ಎಲ್ಲ ಅಳಿಸಿ ಡಿಸ್ಕನ್ನು ಹೊಸದಾಗಿ ಸಿದ್ಧಮಾಡಲೇ) ಎಂದು ಕೇಳಿದರೆ ಮಾತ್ರ ಒಪ್ಪಲೇಬೇಡಿ!