ಈಗ ತಗೊಳ್ಳೋದಾ, ತಡೆಯೋದಾ: ಲ್ಯಾಪ್‌ಟಾಪ್ ಅಂದಾಜು ಮಾಡಲು ನಾನು ಕಲಿತದ್ದು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನದೊಂದು ಸಣ್ಣ ಎಡಿಟಿಂಗ್ ರೂಮ್ ಇದೆ. ಮದುವೆ, ಜವಳ, ಮನೆ ಓಪನಿಂಗ್, ಕಾಲೇಜು ಗ್ಯಾದರಿಂಗ್, ಎಲ್ಲದರ ವಿಡಿಯೋ ಬರುತ್ತದೆ. ಫೋಟೊಗ್ರಾಫರ್‌ಗಳು ಹಾರ್ಡ್‌ಡಿಸ್ಕ್ ಕೊಟ್ಟು ಹೋಗುವಾಗ ಬಾಗಿಲಲ್ಲೇ ನಿಂತು ಒಂದು ಮಾತು ಕೇಳುತ್ತಾರೆ. "ಅಣ್ಣಾರ, ಲ್ಯಾಪ್‌ಟಾಪ್ ಈಗ ತಗೊಳ್ಳೂದೋ, ಹೊಸಾ ಪ್ರೊಸೆಸರ್ ಬರೂತನಕ ತಡಿಯೂದೋ?"

ಮೊದಲೆಲ್ಲ ಬಾಯಿಗೆ ಬಂದದ್ದು ಹೇಳಿ ಕಳಿಸುತ್ತಿದ್ದೆ. ಈಗ ಡ್ರಾವರ್‌ನಿಂದ ಒಂದು ನೋಟ್‌ಬುಕ್ ತೆಗೆಯುತ್ತೇನೆ. ಅದು ಹೇಗೆ ಶುರುವಾಯಿತು, ಅದರಿಂದ ಏನು ಉಪಯೋಗ ಆಯಿತು, ಎಲ್ಲಿ ಅಂದಾಜು ತಪ್ಪಿತು ಅನ್ನೋದನ್ನ ಬರೆಯುತ್ತಿದ್ದೇನೆ.

2017ರ ಮೇ ತಿಂಗಳು. ಲಗ್ನಸರಾಯಿ ಜೋರಾಗಿತ್ತು, ಹಳೆಯ ಲ್ಯಾಪ್‌ಟಾಪ್ ಕೈ ಕೊಟ್ಟಿತ್ತು. ಕೊಪ್ಪಿಕರ್ ರಸ್ತೆಗೆ ಹೋಗಿ ಐ7 ಎಂದು ಸ್ಟಿಕ್ಕರ್ ಇದ್ದ ಒಂದನ್ನು ತಂದೆ. ಒಳಗಿದ್ದದ್ದು ಇಂಟೆಲ್ ಕಂಪನಿಯ 7ನೇ ತಲೆಮಾರಿನ ಪ್ರೊಸೆಸರ್, ಐ7-7500ಯು. ಎರಡು ಕೋರ್ (ಕೆಲಸ ಮಾಡುವ ಭಾಗ), ನಾಲ್ಕು ಥ್ರೆಡ್ (ಒಮ್ಮೆಗೆ ಹಿಡಿಯುವ ಕೆಲಸ). ಕೋರ್ ಎಷ್ಟು ಅಂತ ನಾನು ನೋಡಿರಲೇ ಇಲ್ಲ, ಐ7 ಅಂದ ಮೇಲೆ ಅದೇ ದೊಡ್ಡದು ಅಂದುಕೊಂಡಿದ್ದೆ. ಆಗಸ್ಟ್‌ನಲ್ಲಿ ಇಂಟೆಲ್ 8ನೇ ತಲೆಮಾರು ಘೋಷಿಸಿತು. ಅದರಲ್ಲಿ ಐ5-8250ಯು ಅನ್ನುವ ಚಿಪ್‌ಗೆ ನಾಲ್ಕು ಕೋರ್, ಎಂಟು ಥ್ರೆಡ್, ಕರೆಂಟು ಮಾತ್ರ ಅಷ್ಟೇ, 15 ವ್ಯಾಟ್. ದೀಪಾವಳಿ ಹೊತ್ತಿಗೆ ಧಾರವಾಡದ ಗೆಳೆಯನೊಬ್ಬ ಆ ಐ5 ತಗೊಂಡ, ನನ್ನದಕ್ಕಿಂತ ಕಡಿಮೆ ದುಡ್ಡಿಗೆ. ಒಂದೇ ಮದುವೆಯನ್ನು ಇಬ್ಬರೂ ಎಕ್ಸ್‌ಪೋರ್ಟ್‌ಗೆ, ಅಂದರೆ ಎಡಿಟ್ ಮುಗಿಸಿ ಪೂರ್ತಿ ವಿಡಿಯೋ ಫೈಲ್ ತೆಗೆಯಲು, ಇಟ್ಟು ನೋಡಿದೆವು. ನನ್ನದು ನಾಲ್ಕು ತಾಸು, ಅವನದು ಎರಡೂವರೆ ತಾಸು.

ಅಲ್ಲಿಗೇ ಮುಗಿಯಲಿಲ್ಲ. 2021ರ ಜೂನ್‌ನಲ್ಲಿ ವಿಂಡೋಸ್ 11 ಘೋಷಣೆ ಆಯಿತು. ಇಂಟೆಲ್‌ನಲ್ಲಾದರೆ 8ನೇ ತಲೆಮಾರಿನಿಂದ ಮೇಲೆ ಇರಬೇಕು ಅಂತ ಪಟ್ಟಿ ಬಂತು. ನನ್ನ ಲ್ಯಾಪ್‌ಟಾಪ್ ಗಟ್ಟಿಮುಟ್ಟಾಗಿಯೇ ಇತ್ತು, ಆದರೆ ಪಟ್ಟಿಯಲ್ಲಿ ಇರಲಿಲ್ಲ. ಮೂರು ನಾಲ್ಕು ತಿಂಗಳು ತಡೆದಿದ್ದರೆ ಇರುತ್ತಿತ್ತು. ಈ ಮಾತು ನನಗೆ ಬಹಳ ದಿನ ಚುಚ್ಚಿತು, ಯಾಕೆಂದರೆ 8ನೇ ತಲೆಮಾರು ಬರುತ್ತಿದೆ ಎಂಬ ಸುದ್ದಿ ನಾನು ಅಂಗಡಿಗೆ ಹೋದ ದಿನವೂ ಇತ್ತು. ನಾನು ನೋಡಿರಲಿಲ್ಲ ಅಷ್ಟೇ.

ನಮ್ಮೂರು ಬ್ಯಾಡಗಿ. ಅಪ್ಪ ಮೆಣಸಿನಕಾಯಿ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವರು. ಮಾಲು ಬಂದ ತಕ್ಷಣ ಮಾರಬೇಕೋ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬೇಕೋ ಅನ್ನೋದೇ ಅವರಿಗೆ ದಿನದ ಪ್ರಶ್ನೆ. ಇಟ್ಟರೆ ಬಾಡಿಗೆ ಏರುತ್ತದೆ, ಮಾರಿದರೆ ಮುಂದಿನ ವಾರ ರೇಟು ಏರಬಹುದು. ಅವರ ಹತ್ತಿರ ಉದ್ದದ ಕೆಂಪು ಬೈಂಡಿನ ಪುಸ್ತಕ ಇರುತ್ತಿತ್ತು. ಎಡಗಡೆ ತಾರೀಕು ಹಾಕಿ ತಮ್ಮ ಅಂದಾಜು, ಬಲಗಡೆ ನಿಜವಾಗಿ ಆದ ರೇಟು, ಆವಕ ಎಷ್ಟು ಚೀಲ, ಡಬ್ಬಿ, ಕಡ್ಡಿ ಅನ್ನುವ ಮೆಣಸಿನಕಾಯಿ ಬಗೆಗಳಿಗೆ ಎಷ್ಟೆಷ್ಟು. "ಬಾಯಾಗಿನ ಅಂದಾಜು ದಿನಾ ಬದಲಾಕ್ಕೈತಿ, ಬರದಿಟ್ಟದ್ದು ಅಲ್ಲೇ ಇರತೈತಿ" ಅನ್ನೋರು. ಲ್ಯಾಪ್‌ಟಾಪ್‌ಗೂ ಹಾಗೇ ಮಾಡೋಣ ಅಂತ 2018ರಲ್ಲಿ ನಾನೂ ಒಂದು ಪುಸ್ತಕ ಹಿಡಿದೆ.

ಮೊದಲು ಕಲಿತದ್ದು ಕ್ಯಾಲೆಂಡರ್. ಹೊಸ ಚಿಪ್ ತೋರಿಸುವ ದೊಡ್ಡ ಮೇಳಗಳಿಗೂ ಬೆಳೆಯಷ್ಟೇ ಗಟ್ಟಿಯಾದ ಹಂಗಾಮು ಇದೆ. ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಸಿಇಎಸ್, ಮೇ ಕೊನೆ ಅಥವಾ ಜೂನ್‌ನಲ್ಲಿ ತೈಪೆಯಲ್ಲಿ ಕಂಪ್ಯೂಟೆಕ್ಸ್, ಸೆಪ್ಟೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಐಎಫ್‌ಎ. ವೇದಿಕೆಯ ಮೇಲೆ ಚಿಪ್ ತೋರಿಸಿದ ದಿನಕ್ಕೂ ಅದು ನಮ್ಮ ಹುಬ್ಬಳ್ಳಿ ಅಂಗಡಿಗೆ ಬರುವ ದಿನಕ್ಕೂ ನನ್ನ ಪುಸ್ತಕದ ಪ್ರಕಾರ ಮೂರರಿಂದ ಆರು ತಿಂಗಳ ಅಂತರ. ಮೊದಲು ದುಬಾರಿ ಮಾದರಿಗಳು ಬರುತ್ತವೆ. ಐವತ್ತು ಅರವತ್ತು ಸಾವಿರದವು ಕೊನೆಗೆ. ಹಾಗಾಗಿ "ಹೊಸದು ಬಂತಂತೆ" ಅಂತ ಜನವರಿಯಲ್ಲಿ ಓದಿ ಫೆಬ್ರವರಿಯಲ್ಲಿ ಅಂಗಡಿಗೆ ಹೋದರೆ ಸುಮ್ನೆ ಬಸ್ ಚಾರ್ಜು ದಂಡ.

ಎರಡನೆಯದು, ಸುದ್ದಿಗೆ ತೂಕ ಹಾಕೋದು. ಚಿಪ್ ಹೊರಬರುವ ಮೊದಲೇ ಗೀಕ್‌ಬೆಂಚ್ ಅನ್ನುವ ವೇಗ ಅಳೆಯುವ ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ಅದರ ಹೆಸರು ಕಾಣಿಸಿಕೊಳ್ಳುತ್ತದೆ. ಹೆಸರನ್ನು ನಂಬುತ್ತೇನೆ, ಅಂಕಿಯನ್ನು ನಂಬುವುದಿಲ್ಲ, ಯಾಕೆಂದರೆ ಅದು ಪರೀಕ್ಷೆಗೆ ಮಾಡಿದ ತುಂಡು, ವೇಗ ಇನ್ನೂ ಕೂರಿಸಿರುವುದಿಲ್ಲ. ಇದಕ್ಕಿಂತ ಜಾಸ್ತಿ ತೂಕ ನಾನು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ (ಕರ್ನೆಲ್) ಸೇರುವ ಡ್ರೈವರ್ ಕೋಡ್‌ಗೆ, ಅಂದರೆ ಚಿಪ್ ನಡೆಸುವ ಸಾಫ್ಟ್‌ವೇರ್‌ಗೆ, ಕೊಡುತ್ತೇನೆ. ಚಿಪ್ ಬರುವ ದಿನ ಲಿನಕ್ಸ್ ಓಡಬೇಕಾದರೆ ಕಂಪನಿಯ ಎಂಜಿನಿಯರ್‌ಗಳೇ ತಿಂಗಳುಗಟ್ಟಲೆ ಮೊದಲು ಬಹಿರಂಗವಾಗಿ ಕೋಡ್ ಕಳಿಸಬೇಕಾಗುತ್ತದೆ. ಅಲ್ಲಿ ಸುಳ್ಳು ಹೇಳಿ ಯಾರಿಗೂ ಲಾಭ ಇಲ್ಲ.

2020ರ ಜೂನ್ 22ಕ್ಕೆ ಆಪಲ್ ತಾನು ಇಂಟೆಲ್ ಬಿಟ್ಟು ಸ್ವಂತ ಚಿಪ್‌ಗೆ ಹೋಗುತ್ತೇನೆ, ಮೊದಲ ಮ್ಯಾಕ್ ಈ ವರ್ಷದ ಕೊನೆಗೆ ಬರುತ್ತದೆ ಅಂತ ಹೇಳಿತು. ಧಾರವಾಡದ ಅದೇ ಗೆಳೆಯ ಮ್ಯಾಕ್‌ಬುಕ್‌ಗೆ ದುಡ್ಡು ಜೋಡಿಸಿ ಇಟ್ಟಿದ್ದ. "ತಡಿ, ಕಂಪನಿನೇ ತಾರೀಕು ಹೇಳಿದೆ" ಅಂದೆ, ಪುಸ್ತಕದಲ್ಲೂ ಬರೆದೆ. ನವೆಂಬರ್ 10ಕ್ಕೆ ಆಪಲ್‌ನ ಆ ಚಿಪ್, ಎಂ1, ಬಂತು. ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್ ಅವನ ಕೆಲಸವನ್ನೆಲ್ಲ ಸದ್ದಿಲ್ಲದೆ ಮಾಡಿತು. ಆದರೆ ಅವನ ಟೇಬಲ್ ಮೇಲೆ ಎರಡು ಮಾನಿಟರ್ ಇದ್ದವು, ಆ ಏರ್‌ಗೆ ಹೊರಗಿನ ಪರದೆ ಒಂದೇ. ಈ ಮಾತು ನನ್ನ ಅಂದಾಜಿನಲ್ಲಿ ಇರಲೇ ಇಲ್ಲ. ವೇಗ ಎಷ್ಟು ಅಂತ ಯೋಚಿಸಿದ್ದೆ, ಅವನ ಟೇಬಲ್ ಹೇಗಿದೆ ಅಂತ ಯೋಚಿಸಿರಲಿಲ್ಲ.

ಇದೇ ತಪ್ಪನ್ನು ನನ್ನ ವಿಷಯದಲ್ಲೂ ಮಾಡಿದೆ. 2021ರಲ್ಲಿ ಎಎಂಡಿ ರೈಝನ್ 7 4800ಎಚ್ ತಗೊಂಡೆ. ಎಂಟು ಕೋರ್, ಜೊತೆಗೆ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್. ಎಕ್ಸ್‌ಪೋರ್ಟ್ ಹಾರಿಕೊಂಡು ಹೋಗುತ್ತಿತ್ತು, ಒಂದು ವರ್ಷ ಖುಷಿಯಾಗಿದ್ದೆ. ಆಮೇಲೆ ಫೋಟೊಗ್ರಾಫರ್‌ಗಳು ಒಬ್ಬೊಬ್ಬರೇ ಹೊಸ ಮಿರರ್‌ಲೆಸ್ ಕ್ಯಾಮೆರಾಗೆ ಹೋದರು, 10 ಬಿಟ್ 4:2:2 ಎಚ್‌ಇವಿಸಿ ಅನ್ನುವ, ವಿಡಿಯೋ ಒತ್ತಿ ಚಿಕ್ಕದು ಮಾಡುವ ಫಾರ್ಮ್ಯಾಟ್‌ನಲ್ಲಿ ಶೂಟ್ ಮಾಡತೊಡಗಿದರು. ಇದು ಒಳ್ಳೆಯದೇ. ಹಳೆಯ 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಸಾಮಾನ್ಯ 4:2:0ಗಿಂತ 4:2:2ರಲ್ಲಿ ಬಣ್ಣದ ಮಾಹಿತಿ ಎರಡು ಪಟ್ಟು ಇರುತ್ತದೆ. ಅರಿಶಿನ ಹಚ್ಚುವ ಶಾಟ್‌ನಲ್ಲಿ ಹಳದಿ ಒಡೆಯುವುದಿಲ್ಲ, ಮುಖದ ಬಣ್ಣ ತಿದ್ದಿದರೂ ತಡೆಯುತ್ತದೆ.

ಆದರೆ ನನ್ನ ಟೈಮ್‌ಲೈನ್‌ನಲ್ಲಿ ಅದು ಓಡಲಿಲ್ಲ. ತಾಳಿ ಕಟ್ಟುವ ಕ್ಷಣ, ಗಟ್ಟಿಮೇಳ, ಎಲ್ಲರೂ ಅಕ್ಷತೆ ಎರಚುತ್ತಾರೆ. ಧ್ವನಿ ಮುಂದೆ ಹೋಗುತ್ತಿದೆ, ಅಕ್ಷತೆ ಕಾಳು ಗಾಳಿಯಲ್ಲೇ ನಿಂತಿವೆ. ಎರಡು ಸೆಕೆಂಡಿಗೆ ಒಮ್ಮೆ ಚಿತ್ರ ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ಯಾವ ಫ್ರೇಮ್‌ನಲ್ಲಿ ಕತ್ತರಿಸಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ರಾತ್ರಿಯಿಡೀ ಪ್ರಾಕ್ಸಿ (ಎಡಿಟಿಂಗ್‌ಗೆ ಹಗುರವಾದ ನಕಲು ಫೈಲ್) ಮಾಡಲು ಇಟ್ಟು ಬೆಳಿಗ್ಗೆ ಕೆಲಸ ಮಾಡಬೇಕಾಯಿತು. ಸೀಸನ್‌ನಲ್ಲಿ ಒಂದು ರಾತ್ರಿ ಅಂದರೆ ಒಂದು ಮದುವೆಯ ಕೆಲಸ ಹಿಂದೆ ಬಿದ್ದ ಹಾಗೆ.

ಕಾರಣ ಹುಡುಕಲು ವಾರ ಬೇಕಾಯಿತು. ವಿಡಿಯೋ ಬಿಚ್ಚುವ ಕೆಲಸಕ್ಕೆ ಚಿಪ್ ಒಳಗೆ ಬೇರೆಯೇ ಒಂದು ಭಾಗ ಇರುತ್ತದೆ, ಮೀಡಿಯಾ ಎಂಜಿನ್ ಅಂತ. ಅದಕ್ಕೆ ಆ ಫಾರ್ಮ್ಯಾಟ್ ಗೊತ್ತಿದ್ದರೆ ಸಲೀಸು, ಗೊತ್ತಿಲ್ಲದಿದ್ದರೆ ಎಲ್ಲ ಭಾರ ಕೋರ್‌ಗಳ ಮೇಲೆ ಬೀಳುತ್ತದೆ. ಎಚ್‌ಇವಿಸಿ 4:2:2 ಬಿಚ್ಚುವುದು ಆಗಿನ ಎನ್ವಿಡಿಯಾ ಕಾರ್ಡ್‌ಗಳಿಗೆ ಗೊತ್ತಿರಲಿಲ್ಲ, ನನ್ನ ರೈಝನ್‌ಗೂ ಗೊತ್ತಿರಲಿಲ್ಲ. 11ನೇ ತಲೆಮಾರಿನ ಇಂಟೆಲ್ ಚಿಪ್‌ನ ಒಳಗಿನ ಸಣ್ಣ ಗ್ರಾಫಿಕ್ಸ್‌ಗೆ ಗೊತ್ತಿತ್ತು. ನಂಬಿಕೆ ಬರಲಿಲ್ಲ. ಗದಗಿನಲ್ಲಿ ಪರಿಚಯದ ಸ್ಟುಡಿಯೋ ಒಂದಿದೆ, ಅವರ ಹತ್ತಿರ ತೆಳ್ಳನೆಯ ಐ5-1135ಜಿ7 ಲ್ಯಾಪ್‌ಟಾಪ್ ಇತ್ತು, ಬಿಲ್ ಮಾಡಲು ಇಟ್ಟುಕೊಂಡದ್ದು. ಆ ಅಕ್ಷತೆಯ ಕ್ಲಿಪ್ಪನ್ನು ಎಸ್‌ಎಸ್‌ಡಿಯಲ್ಲಿ ಒಯ್ದು, ಅದರಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಹಾಕಿ ಓಡಿಸಿದೆ. ಕಾಳುಗಳು ನೀಟಾಗಿ ಮದುಮಗಳ ತಲೆಯ ಮೇಲೆ ಬಿದ್ದವು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಜಿಪಿಯು ಕೆಳಗೆ 'ವಿಡಿಯೋ ಡಿಕೋಡ್' ಗೆರೆ ಮೇಲೆದ್ದಿತ್ತು, ಸಿಪಿಯು ಆರಾಮಾಗಿತ್ತು. ಅರ್ಧ ಬೆಲೆಯ ಲ್ಯಾಪ್‌ಟಾಪ್ ಅದು. ಅವತ್ತು ಪುಸ್ತಕದ ಮುಂದಿನ ಪುಟದ ಮೇಲೆ ದಪ್ಪಕ್ಷರದಲ್ಲಿ ಬರೆದೆ: ನಮ್ಮ ಕೆಲಸಕ್ಕೆ ತಾಗುವ ಒಂದು ಸಾಲು ಯಾವುದು, ಅದನ್ನು ಮೊದಲು ಹುಡುಕು.

ಅಲ್ಲಿಂದ ಹೊಸ ಚಿಪ್ ಸುದ್ದಿ ಓದುವ ರೀತಿಯೇ ಬದಲಾಯಿತು. 2024ರ ಜೂನ್‌ನಲ್ಲಿ ಇಂಟೆಲ್ ಲೂನಾರ್ ಲೇಕ್ ಅನ್ನುವ ಲ್ಯಾಪ್‌ಟಾಪ್ ಚಿಪ್‌ನ ವಿವರ ಕೊಟ್ಟಿತು, ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಎಲ್ಲರೂ ಬ್ಯಾಟರಿ ಬಗ್ಗೆ ಮಾತಾಡಿದರು. ನನಗೆ ಬೇಕಾದ ಸಾಲು ಬೇರೆ: ರ‍್ಯಾಮ್ ಚಿಪ್‌ನ ಪ್ಯಾಕೇಜ್ ಮೇಲೇ ಕೂತಿದೆ, 16 ಅಥವಾ 32 ಜಿಬಿ, ಆಮೇಲೆ ಹಾಕಿಸಲು ಬರುವುದಿಲ್ಲ. ಸ್ಟುಡಿಯೋದವರಿಗೆ ಬೇಡ ಅಂತ ಬರೆದೆ. ಊರೂರು ತಿರುಗುವ ಎಲ್‌ಐಸಿ ಏಜೆಂಟ್ ಒಬ್ಬರಿಗೆ ಮಾತ್ರ ಅದನ್ನೇ ತಗೊಳ್ಳಿ ಅಂದೆ, ಅವರಿಗೆ ಅದು ಸರಿ.

ಸ್ನಾಪ್‌ಡ್ರ್ಯಾಗನ್ ಎಕ್ಸ್ ಎಲೀಟ್ ಲ್ಯಾಪ್‌ಟಾಪ್‌ಗಳು ಅದೇ ಜೂನ್‌ನಲ್ಲಿ ಬಂದಾಗಲೂ ಹೀಗೇ. ಅವುಗಳಲ್ಲಿರುವುದು ಇಂಟೆಲ್, ಎಎಂಡಿಗಿಂತ ಬೇರೆ ಬಗೆಯ ಚಿಪ್, ಆರ್ಮ್ ಅಂತ. ಹಳೆಯ ಸಾಫ್ಟ್‌ವೇರ್ ಅನುವಾದವಾಗಿ ಓಡುತ್ತದೆ, ಅದು ನಿಜ. ಆದರೆ ಡ್ರೈವರ್ ಹಾಗೆ ಓಡುವುದಿಲ್ಲ, ಆರ್ಮ್‌ಗೆಂದೇ ಬರೆದದ್ದು ಬೇಕು. ಆಲ್ಬಮ್ ಮಾಡುವವರ ಹತ್ತಿರ ಹತ್ತು ವರ್ಷದ ಪ್ರಿಂಟರ್ ಇರುತ್ತದೆ, ಸಾಫ್ಟ್‌ವೇರ್ ಓಡಲು ಚುಚ್ಚುವ ಡಾಂಗಲ್ ಇರುತ್ತದೆ, ಅಲ್ವಾ? ಅದಕ್ಕೆ ಹೊಸ ಡ್ರೈವರ್ ಯಾರು ಬರೆಯುತ್ತಾರೆ? ತಡೆಯಿರಿ ಅಂದೆ.

ಹೆಸರುಗಳ ವಿಷಯ ಒಂದು ಹೇಳಿಬಿಡುತ್ತೇನೆ. ಹೊಸ ನಂಬರ್ ಅಂದರೆ ಹೊಸ ಚಿಪ್ ಅಂತಲ್ಲ. ಎಎಂಡಿಯ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ನೋಡಬೇಕು, ಕೋರ್ ಯಾವ ತಲೆಮಾರಿನದು (ಅವರು ಝೆನ್ ಅಂತಾರೆ) ಅಂತ ಅದು ಹೇಳುತ್ತದೆ. 7520ಯು ಅಂದರೆ ಝೆನ್ 2, 7530ಯು ಅಂದರೆ ಝೆನ್ 3, 7840ಯು ಅಂದರೆ ಝೆನ್ 4. ಎಲ್ಲಕ್ಕೂ ಮುಂದೆ 7 ಇದೆ. ಮಗಳ ಎಂಜಿನಿಯರಿಂಗ್‌ಗೆ ಲ್ಯಾಪ್‌ಟಾಪ್ ನೋಡುತ್ತಿದ್ದ ರೋಣದ ಒಬ್ಬರು 7520ಯು ಇದ್ದದ್ದನ್ನು ಹೊಸದು ಅಂತ ತಗೊಳ್ಳಲು ಹೊರಟಿದ್ದರು. ಅಂಗಡಿಯಿಂದಲೇ ಫೋನ್ ಮಾಡಿದ್ದಕ್ಕೆ ಒಳ್ಳೆಯದಾಯಿತು, ಪಕ್ಕದಲ್ಲೇ ಇದ್ದ 7530ಯು ತಗೊಂಡರು.

ನನ್ನ ಪುಸ್ತಕದ ಒಳ್ಳೆಯ ಅಂದಾಜು 2025ರದ್ದು. ಜನವರಿಯ ಸಿಇಎಸ್‌ನಲ್ಲಿ ಎನ್ವಿಡಿಯಾ ತನ್ನ ಆರ್‌ಟಿಎಕ್ಸ್ 50 ಸರಣಿಯ ಗ್ರಾಫಿಕ್ಸ್ ಕಾರ್ಡ್ ತೋರಿಸಿತು. ಆಟದವರು ಫ್ರೇಮ್ ಎಣಿಸುತ್ತಿದ್ದರು, ನಾನು ಮೀಡಿಯಾ ಎಂಜಿನ್ ಸಾಲಿಗೆ ಹೋದೆ. 4:2:2 ಇತ್ತು! ಮೂರು ವರ್ಷ ಕಾದ ಸಾಲು. ಆದರೆ ತೋರಿಸಿದ್ದೆಲ್ಲ ನನ್ನ ಕೈಗೆ ಎಟುಕದ ಬೆಲೆಯವು. ಎಡಗಡೆ ಬರೆದೆ: 'ಒಂದೇ ಸರಣಿಯಲ್ಲಿ ಕೆಳಗಿನ ಮಾದರಿಗೂ ವಿಡಿಯೋ ಭಾಗ ಅದೇ ತಲೆಮಾರಿನದು ಇರುತ್ತದೆ. 5060 ಬರಲಿ, ಬೇಸಿಗೆಗೆ ಬರುತ್ತದೆ, ದೀಪಾವಳಿಗೆ ನನ್ನ ಬೆಲೆಗೆ ಇಳಿಯುತ್ತದೆ.' 5060 ಇರುವ ಲ್ಯಾಪ್‌ಟಾಪ್ ಮೇ ತಿಂಗಳಲ್ಲಿ ಬಂತು. ಅಕ್ಟೋಬರ್‌ನಲ್ಲಿ ತಗೊಂಡೆ. ಅಕ್ಷತೆ ಬಿತ್ತು.

ಆದರೆ ಅದೇ ಖರೀದಿಯಲ್ಲಿ ಒಂದು ಕಡೆ ಎಡವಿದೆ. 16 ಜಿಬಿ ರ‍್ಯಾಮ್ ಒಂದೇ ಸ್ಟಿಕ್ ಇತ್ತು, ಇನ್ನೊಂದು ಸ್ಲಾಟ್ ಖಾಲಿ. ಎರಡು ಮೂರು ತಿಂಗಳು ಬಿಟ್ಟು ಹಾಕಿಸಿದರಾಯಿತು, ರ‍್ಯಾಮ್ ಯಾವಾಗಲೂ ಅಗ್ಗವಾಗುತ್ತಲೇ ಬಂದಿದೆ ಅಂದುಕೊಂಡೆ. ಡಿಸೆಂಬರ್‌ನಲ್ಲಿ ಕೇಳಿದರೆ ರೇಟು ಎರಡು ಪಟ್ಟಿಗಿಂತ ಜಾಸ್ತಿ! ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಎಚ್‌ಬಿಎಂ ಅನ್ನುವ ಅತಿ ವೇಗದ ಮೆಮೊರಿ ಮಾಡುವವರು, ನಮ್ಮ ಲ್ಯಾಪ್‌ಟಾಪ್ ರ‍್ಯಾಮ್ ಮಾಡುವವರು, ಇಬ್ಬರೂ ಅವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಅತ್ತ ಜಾಸ್ತಿ ಹೋದರೆ ಇತ್ತ ಕಡಿಮೆ. ಮೈಕ್ರಾನ್ ಅಂತೂ ಅದೇ ಡಿಸೆಂಬರ್‌ನಲ್ಲಿ ಕ್ರೂಷಿಯಲ್ ಹೆಸರಿನ ಅಂಗಡಿ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಆವಕ ಕಡಿಮಿ ಆದ್ರ ಕೋಲ್ಡ್‌ನ್ಯಾಗಿನ ಹಳೇ ಮಾಲಿಗೂ ರೇಟ್ ಏರತೈತೆಲ್ಲೋ ತಮ್ಮಾ" ಅಂದರು.

ಆ ಮಾತಿನಿಂದ 2026ರ ಎಡಗಡೆಯ ಪುಟ ಬೇರೆಯೇ ಆಯಿತು. ಜನವರಿಯಲ್ಲಿ ಇಂಟೆಲ್‌ನ ಪ್ಯಾಂಥರ್ ಲೇಕ್ ಚಿಪ್ ಬಂದಿದೆ, ಅವರದೇ 18ಎ ಅನ್ನುವ ಚಿಪ್ ತಯಾರಿಕೆಯ ತಂತ್ರದಲ್ಲಿ ಮಾಡಿದ್ದು, ರ‍್ಯಾಮ್ ಮತ್ತೆ ಪ್ಯಾಕೇಜ್‌ನಿಂದ ಹೊರಗೆ ಹೋಗಿದೆ. ಎಎಂಡಿಯ ರೈಝನ್ ಎಐ 400 ಬಂದಿದೆ, ಅದರ ಕೋರ್ 300 ಸರಣಿಯದೇ, ಝೆನ್ 5. ಬೇರೆ ವರ್ಷವಾಗಿದ್ದರೆ "ಹೊಸದು ಬರಲಿ, ಹಳೆಯ 300 ಇಳಿಯುತ್ತದೆ, ಆಗ ತಗೋ" ಅಂತಿದ್ದೆ. ಈ ಸಲ ಹಾಗೆ ಬರೆದಿಲ್ಲ. ಲ್ಯಾಪ್‌ಟಾಪ್ ಬೆಲೆಯಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಪಾಲು ಏರುತ್ತಿರುವಾಗ ಹಳೆಯ ಮಾದರಿ ಇಳಿಯುತ್ತದೆ ಅನ್ನುವ ಧೈರ್ಯ ನನಗಿಲ್ಲ. ಬೇಕಾದವರು ಕಾಯಬೇಡಿ, ಹಳೆಯ ಸ್ಟಾಕ್‌ನಲ್ಲಿ 32 ಜಿಬಿ ಇರುವುದು ಸಿಕ್ಕರೆ ಅದನ್ನೇ ತಗೊಳ್ಳಿ ಅಂತ ಬರೆದಿದ್ದೇನೆ.

ಮೊನ್ನೆ ಹಾವೇರಿಯ ಹುಡುಗನೊಬ್ಬ ಬಂದಿದ್ದ, ಹೊಸದಾಗಿ ಡ್ರೋನ್, ಕ್ಯಾಮೆರಾ ಹಾಕಿಕೊಂಡು ಶುರು ಮಾಡಿದ್ದಾನೆ. ಬಾಗಿಲಲ್ಲಿ ಅದೇ ಪ್ರಶ್ನೆ. ಕೂರಿಸಿ ಈ ಪುಟ ತೋರಿಸಿದೆ. ಅವನು ನೋಡಿಟ್ಟದ್ದರಲ್ಲಿ ಎರಡು ಹಳೆಯ ಸ್ಟಾಕ್, ಒಂದು ಪ್ಯಾಂಥರ್ ಲೇಕ್. "ಯಾವುದರಾಗ ಓಡತೈತಿ ಅಂತ ಹೆಂಗ್ ಗೊತ್ತಾಗಬೇಕ್ರಿ?" ಅಂದ. ಆ ಅಕ್ಷತೆ ಕ್ಲಿಪ್ಪನ್ನು ಅವನ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟೆ. ಮೂರೂ ಲ್ಯಾಪ್‌ಟಾಪ್‌ನಲ್ಲಿ ನೋಡಿ ಶನಿವಾರ ಫೋನ್ ಮಾಡುತ್ತೇನೆ ಅಂತ ಹೇಳಿ ಹೋಗಿದ್ದಾನೆ.